ವಾಲಂಟಿಯರ್ ಟೂರಿಸಂ ಬಗ್ಗೆ ಪ್ರಬಂಧ: ಮಕ್ಕಳನ್ನು ಸಂದರ್ಶಿಸಲು ಸಂಸ್ಥೆಯ ಪತ್ರ ಸಾಕಾ?

ಕೊಣಾಜೆ_ಎಂಎ:
ದುಡ್ಡು ಕೊಟ್ಟು ಬಂದು ಎರಡು ವಾರ ಅನಾಥಾಲಯದಲ್ಲಿ ಪಾಠ ಮಾಡುವುದು, ಬೀಚ್ ಸ್ವಚ್ಛ ಮಾಡುವುದು, ಇಂಥ ಪ್ರವಾಸದ ನೈತಿಕತೆ ನನ್ನ ವಿಷಯ. ಮಂಗಳೂರಿಂದ ಮಲ್ಪೆವರೆಗೆ ಕ್ಷೇತ್ರಕಾರ್ಯ, ಏಪ್ರಿಲಿನಿಂದ ನಾಲ್ಕು ತಿಂಗಳು. ಒಂದು ಮಕ್ಕಳ ಸಂಸ್ಥೆ ಒಪ್ಪಿಗೆ ಪತ್ರ ಕೊಟ್ಟಿದೆ. ಅಷ್ಟು ಸಾಕಾ? ಎಷ್ಟು ಜನರನ್ನು ಮಾತಾಡಿಸಬೇಕು?

ಪಡುವಣ_ಗಾಳಿ:
ಸಾಲದು. ನೀವು ಪರಿಶೀಲಿಸುವುದೇ ಆ ಸಂಸ್ಥೆಯನ್ನು. ಅದರ ಪತ್ರದಿಂದ ಗೇಟು ತೆರೆಯಬಹುದು ಅಷ್ಟೆ. ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿ, ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿ. ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ)ನ 2017ರ ಮಾರ್ಗಸೂಚಿ ವೈದ್ಯಕೀಯ ಸಂಶೋಧನೆಯದ್ದಾದರೂ ಅಳತೆಗೋಲಾಗಿ ಒಳ್ಳೆಯದು: 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, ಅದಕ್ಕೆ ಮೇಲ್ಪಟ್ಟು 18ರವರೆಗೆ ಬರಹದಲ್ಲಿ. ಮಗುವಿನ ಗುರುತು ಹೊರಬಿದ್ದರೆ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74ರಡಿ ಶಿಕ್ಷೆ ಉಂಟು.

ಆದರೆ ಮಾರಾಯ್ರೆ, ಮಕ್ಕಳನ್ನೇ ಯಾಕೆ ಕೇಳಬೇಕು? ಅಡುಗೆಯವರನ್ನು, ವಾರ್ಡನ್‌ರನ್ನು ಕೇಳಿ. ಸ್ವಯಂಸೇವಕರು ಹೋದ ಮರುದಿನ ಯಾವ ಮಗು ಊಟ ಬಿಟ್ಟಿತು, ಪಾಠ ಎಲ್ಲಿಗೆ ನಿಂತಿತು, ಎಲ್ಲ ಅವರಿಗೆ ಗೊತ್ತು. ಸಿಬ್ಬಂದಿ ಏಳೆಂಟು, ಸ್ವಯಂಸೇವಕರು ಐದಾರು, ಅವರನ್ನು ಕಳಿಸುವ ಏಜೆಂಟರು ಇಬ್ಬರು ಸಾಕು. ಸಿಬ್ಬಂದಿಯನ್ನು ಮ್ಯಾನೇಜರ್ ಎದುರು ಕೂರಿಸಬೇಡಿ, ಬ್ರೋಷರಿನ ಮಾತೇ ಬರುತ್ತದೆ.

ಲೆಕ್ಕ_ಕೇಳುವವ:
ಸ್ವಯಂಸೇವಕರು ಕೊಡುವ ಶುಲ್ಕ ಹೇಗೆ ಹಂಚಿಹೋಗುತ್ತದೆ ಕೇಳಿ: ಏಜೆಂಟಿನ ಕಮಿಷನ್, ವಸತಿ, ಊಟ, ಸಂಸ್ಥೆಯ ಪಾಲು. ನೈತಿಕತೆಯ ಪ್ರಶ್ನೆ ಅಲ್ಲೇ ಇದೆ, ಒಳ್ಳೆ ಮನಸ್ಸಿನಲ್ಲಲ್ಲ. ಮಕ್ಕಳಿದ್ದರೇ ದುಡ್ಡು ಬರುವುದಾದರೆ ಹಾಸಿಗೆ ತುಂಬಿಸುವ ಆಸೆ ಹುಟ್ಟುತ್ತದೆ. ನೇಪಾಳ, ಕಾಂಬೋಡಿಯಾಗಳಲ್ಲಿ ತಂದೆತಾಯಿ ಇರುವ ಮಕ್ಕಳನ್ನೂ ಹೀಗೆ ‘ಅನಾಥ’ ಮಾಡಿದ್ದುಂಟು. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಚರ್ಚೆಗೇ ತಂದಿತು.

ಮಲ್ಪೆ_ದಕ್ಕೆ:
ಸಂದರ್ಶನಕ್ಕೆ ಕನ್ನಡದ ಒಪ್ಪಿಗೆ ಪತ್ರವನ್ನು ಕೈಗೆ ಕೊಟ್ಟು ಸಹಿ ಕೇಳಿದರೆ ಹೆಚ್ಚಿನವರು ಬ್ಯಾಂಕ್ ಸಾಲವೋ ಎಂದು ಹಿಂಜರಿಯುತ್ತಾರೆ. ತುಳುವಿನಲ್ಲಿ ವಿವರಿಸಿ, ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ಹೆಸರು ಬಿಟ್ಟು ‘ಉಡುಪಿಯ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬೀಚ್ ಪಕ್ಕದ ಹೋಂಸ್ಟೇ’ ಎಂದು ಬರೆದರೂ ಪಡುಬಿದ್ರಿ ಎಂದು ಎಲ್ಲರಿಗೂ ತಿಳಿಯುತ್ತದೆ, ಊರನ್ನೂ ಮರೆಮಾಡಿ.

ಬೀಚ್ ತಂಡಗಳನ್ನು ಮೇ ಒಳಗೆ ಮುಗಿಸಿ, ಮಳೆ ಹಿಡಿದರೆ ಯಾರೂ ಸಿಗುವುದಿಲ್ಲ. ಹೊರಡುವ ದಿನ ಸ್ವಯಂಸೇವಕರು ಹೊಗಳಿಯೇ ಹೊಗಳುತ್ತಾರೆ, ಆರು ವಾರ ಬಿಟ್ಟು ಫೋನಿನಲ್ಲಿ ಅದೇ ಪ್ರಶ್ನೆ ಕೇಳಿ. ಮೀನುಗಾರರನ್ನು ಜೂನ್ 1ರಿಂದ ಜುಲೈ 31ರ ಯಾಂತ್ರಿಕ ದೋಣಿ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಕಾಣಿ, ಬಲೆ ಹೆಣೆಯುತ್ತ ಮಾತಿಗೆ ಸಿಗುತ್ತಾರೆ.