ಚಿತ್ರದುರ್ಗದ ಗ್ರಾನೈಟ್: ಎ/ಸಿಎನ್‌ಕೆ 1.42 ಬರ್ತಿದೆ, ಆದರೆ ಹಾರ್ನ್‌ಬ್ಲೆಂಡ್ ಇದೆ

ದುರ್ಗದಕಲ್ಲು: ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಚಿತ್ರದುರ್ಗದ ಹತ್ತಿರದ ಕ್ವಾರಿಯೊಂದರ ಗ್ರಾನೈಟ್ ಅನಾಲಿಸಿಸ್ ಮಾಡಿಸಿದ್ದೇನೆ. ತೂಕದ ಶೇಕಡಾ ಲೆಕ್ಕದಲ್ಲಿ ಅಲ್ಯೂಮಿನಾ 14.2, ಕ್ಯಾಲ್ಸಿಯಂ ಆಕ್ಸೈಡ್ 1.6, ಸೋಡಿಯಂ ಆಕ್ಸೈಡ್ 3.8, ಪೊಟ್ಯಾಸಿಯಂ ಆಕ್ಸೈಡ್ 4.6. ಅಲ್ಯೂಮಿನಾವನ್ನು ಉಳಿದ ಮೂರರ ಮೊತ್ತದಿಂದ ಭಾಗಿಸಿದರೆ, ಅಂದರೆ ಎ/ಸಿಎನ್‌ಕೆ, 1.42. 1.1 ದಾಟಿದರೆ ಎಸ್-ಟೈಪ್ (ಸೆಡಿಮೆಂಟರಿ ಶಿಲೆ ಕರಗಿ ಹುಟ್ಟಿದ್ದು) ಅಲ್ವಾ? ಆದರೆ ಥಿನ್ ಸೆಕ್ಷನ್‌ನಲ್ಲಿ (ಮೈಕ್ರೋಸ್ಕೋಪ್‌ಗೆಂದು ತೆಳ್ಳಗೆ ಕೊಯ್ದ ಕಲ್ಲು) ಹಾರ್ನ್‌ಬ್ಲೆಂಡ್ ಖನಿಜ ಕಾಣುತ್ತಿದೆ, ಮಸ್ಕೊವೈಟ್ (ಬಿಳಿ ಅಭ್ರಕ) ಇಲ್ಲ. ರುಬಿಡಿಯಂ 210, ಇಟ್ರಿಯಂ 22, ನಯೋಬಿಯಂ 11 ಪಿಪಿಎಂ. ಇವುಗಳಿಂದ ಗ್ರಾನೈಟ್ ಎಂಥ ಜಾಗದಲ್ಲಿ ಹುಟ್ಟಿತು ಅಂತ ಊಹಿಸುವ ಪಿಯರ್ಸ್ ಡಯಾಗ್ರಾಂನಲ್ಲಿ ಜ್ವಾಲಾಮುಖಿ ಆರ್ಕ್ (ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವಲ್ಲಿನ ಜ್ವಾಲಾಮುಖಿ ಸಾಲು) ಭಾಗಕ್ಕೆ ಬೀಳುತ್ತಿದೆ. ಯಾವುದನ್ನು ನಂಬಲಿ?

ವೇದಾವತಿ_ದಂಡೆ: ಮೊದಲು ಥಿನ್ ಸೆಕ್ಷನ್ ನಂಬಿ. ಎಸ್-ಟೈಪ್‌ನಲ್ಲಿ ಮಸ್ಕೊವೈಟ್, ಕಾರ್ಡಿಯರೈಟ್, ಗಾರ್ನೆಟ್ ಹುಡುಕಬೇಕು. ಹಾರ್ನ್‌ಬ್ಲೆಂಡ್ ಇದ್ದರೆ ಐ-ಟೈಪ್ (ಅಗ್ನಿಶಿಲೆ ಕರಗಿ ಹುಟ್ಟಿದ್ದು) ಕಡೆ ವಾಲಬೇಕು.

ತೊಂದರೆ ಇರುವುದು ಭಾಗಾಕಾರದಲ್ಲಿ. ಎ/ಸಿಎನ್‌ಕೆ ತೂಕದ ಅನುಪಾತ ಅಲ್ಲ, ಮೋಲ್‌ಗಳ ಅನುಪಾತ. ಪ್ರತಿ ಆಕ್ಸೈಡನ್ನೂ ಅದರ ಅಣುತೂಕದಿಂದ ಭಾಗಿಸಿ: 101.96, 56.08, 61.98, 94.20. ಆಗ ಅಲ್ಯೂಮಿನಾ 0.1393, ಉಳಿದ ಮೂರೂ ಸೇರಿ 0.1387. ಉತ್ತರ 1.00. ಚಾಪೆಲ್ ಮತ್ತು ವೈಟ್ 1974ರಲ್ಲಿ ಆಸ್ಟ್ರೇಲಿಯಾದ ಗ್ರಾನೈಟ್ ನೋಡಿ ಐ, ಎಸ್ ಅಂತ ಬೇರ್ಪಡಿಸಿದಾಗ ಇಟ್ಟ 1.1ರ ಗೆರೆಯೂ ಮೋಲ್ ಲೆಕ್ಕದ್ದೇ.

ದುರ್ಗದಕಲ್ಲು: ತುಂಬಾ ಥ್ಯಾಂಕ್ಸ್ ಸರ್, ನನಗೂ 1.00 ಬಂತು. ಹಾಗಾದರೆ ಇದು ಆರ್ಕ್‌ನಲ್ಲಿ ಹುಟ್ಟಿದ ಐ-ಟೈಪ್ ಅಂತ ಬರೆಯಬಹುದಾ?

ವೇದಾವತಿ_ದಂಡೆ: ಐ-ಟೈಪ್ ಅಂತ ಬರೆಯಿರಿ. ಆರ್ಕ್ ಅಂತ ಸುಮ್ನೆ ಬರೆಯಬೇಡಿ. 1984ರ ಆ ಡಯಾಗ್ರಾಂ ಮಾಡಿದ್ದು ಫೆನರೋಜೋಯಿಕ್ ಗ್ರಾನೈಟ್‌ಗಳಿಂದ, ಅಂದರೆ ಸುಮಾರು 54 ಕೋಟಿ ವರ್ಷದಿಂದ ಈಚಿನವು. ಚಿತ್ರದುರ್ಗ ಗ್ರಾನೈಟಿನ ವಯಸ್ಸು ಸುಮಾರು 260 ಕೋಟಿ ವರ್ಷ! ಇನ್ನೊಂದು ಮಾತು: ಗ್ರಾನೈಟ್ ತನ್ನ ಮೂಲಶಿಲೆಯ ಗುಣವನ್ನು ಹೊತ್ತು ತರುತ್ತದೆ. ಇಟ್ರಿಯಂ, ನಯೋಬಿಯಂ ಕಡಿಮೆ ಇರುವ ಹಳೇ ನೈಸ್ (ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಕರಗಿದರೂ ಚುಕ್ಕಿ ಅದೇ ಭಾಗಕ್ಕೆ ಬೀಳಬಹುದು, ಆರ್ಕ್ ಇರಲೇಬೇಕಂತಿಲ್ಲ. ನಿಮ್ಮ ಚುಕ್ಕಿಯಂತೂ ಆ ಭಾಗದ ಮೇಲಿನ ಗೆರೆಗೆ ಹತ್ತಿರವೇ ಇದೆ. ಭೂಖಂಡಗಳು ಡಿಕ್ಕಿ ಹೊಡೆದ ನಂತರ ಹುಟ್ಟುವ ಗ್ರಾನೈಟ್‌ಗಳೂ ಇದೇ ಆಸುಪಾಸಿಗೆ ಬರುತ್ತವೆ.

ಕಪ್ಪುನೆಲ_ದಾವಣಗೆರೆ: ಸ್ಯಾಂಪಲ್ ತಾಜಾ ಕಲ್ಲಿನದೇ ಅಲ್ವಾ? ಮೇಲ್ಪದರದ ಕೊಳೆತ ಕಲ್ಲಲ್ಲಿ ಕ್ಯಾಲ್ಸಿಯಂ, ಸೋಡಿಯಂ ತೊಳೆದುಹೋಗಿ ಎ/ಸಿಎನ್‌ಕೆ ಸುಳ್ಳುಸುಳ್ಳೇ ಏರುತ್ತದೆ. ರುಬಿಡಿಯಂ ಕೂಡ ಅಲುಗಾಡುತ್ತದೆ. ಅದಕ್ಕೇ ಇಟ್ರಿಯಂ–ನಯೋಬಿಯಂ ಡಯಾಗ್ರಾಂ ಕೂಡ ಹಾಕಿ ನೋಡಿ. ಮತ್ತೆ ಸ್ಯಾಂಪಲ್ ಬೇಕಾದರೆ ಕ್ವಾರಿಗೇ ಹೋಗಿ, ಕೋಟೆಯ ಬಂಡೆಗೆ ಮಾತ್ರ ಸುತ್ತಿಗೆ ಬೇಡ. ಅದು ಸಂರಕ್ಷಿತ ಸ್ಮಾರಕ.

ದುರ್ಗದಕಲ್ಲು: ಕ್ವಾರಿಯ ತಳದ ತಾಜಾ ಕಲ್ಲು ಸರ್. ಇಟ್ರಿಯಂ–ನಯೋಬಿಯಂ ಡಯಾಗ್ರಾಂ ಇವತ್ತೇ ಹಾಕಿ ಇಲ್ಲಿ ತೋರಿಸ್ತೀನಿ.