ರಾಗಿ ಕೊಯ್ಲಿನ ಬಳಿಕ ಮಾಗಿಯ ಬಿಡುವು

ಪ್ರಶ್ನೆ: ನಮ್ಮದು ಮಾಗಡಿ ಕಡೆಯ ಮಳೆಯಾಶ್ರಿತ ಹೊಲ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಕೆಲಸ ಕಡಿಮೆ. ಈ ಬಿಡುವನ್ನು ನಿಮ್ಮ ಮನೆಗಳಲ್ಲಿ ಹೇಗೆ ಕಳೆಯುತ್ತೀರಿ?

ಉತ್ತರ 1: ಬಿಡುವೆಂಬುದು ಗಂಡಸರ ಮಾತು ಎನ್ನುತ್ತಾರೆ ನಮ್ಮ ಅತ್ತೆಯವರು. ಸೊಗಡಿನ ಅವರೆಕಾಯಿ ಬಂದರೆ ಸಂಜೆಯೆಲ್ಲ ಕಾಳು ಸುಲಿದು, ರಾತ್ರಿ ನೆನೆಸಿ, ಬೆಳಿಗ್ಗೆ ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುವಷ್ಟರಲ್ಲಿ ಬೆರಳ ತುದಿಗಳು ಸುಕ್ಕುಗಟ್ಟಿರುತ್ತವೆ. ಸಾರು ಮಾತ್ರ ಒಂದೇ ಹೊತ್ತಿಗೆ ಖಾಲಿ.

ಉತ್ತರ 2: ನೆಲದ ತೇವ ಪೂರ್ತಿ ಆರುವ ಮುನ್ನ ಮಾಗಿ ಉಳುಮೆ ಮುಗಿಸಿರಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿದರೆ ಮುಂದಿನ ಮಳೆ ಹೊಲದಲ್ಲೇ ಇಂಗುತ್ತದೆ, ಮಣ್ಣಿನೊಳಗಿನ ಹುಳುಗಳ ಕೋಶಗಳೂ ಬಿಸಿಲಿಗೆ ಸಾಯುತ್ತವೆ.

ಉತ್ತರ 3: ಉಳುಮೆ ಸರಿ, ಆದರೆ ಒಕ್ಕಣೆಗೆ ಅವಸರ ಬೇಡ. ಕೆಲವು ವಾರ ಮೆದೆಯಲ್ಲಿದ್ದ ತೆನೆಯಿಂದ ಕಾಳು ಸುಲಭವಾಗಿ ಉದುರುತ್ತದೆ. ಬಳಿಕ ಹುಲ್ಲು ಒಟ್ಟುವಾಗ ಬಣವೆಯ ತಲೆ ಚೂಪಾಗಿರಲಿ. ಚಪ್ಪಟೆಯಾದರೆ ಬೇಸಿಗೆಯ ಮಳೆಗೇ ಮೇವು ಕೊಳೆಯುತ್ತದೆ.