ಸೆಪ್ಟೆಂಟ್ರಿಯನಲ್ ಅಂದ್ರೆ 'ಉತ್ತರದ' ಅಂತ ಹೆಂಗಾಯ್ತು?

ತಿಪಟೂರು_ಕೊಬ್ರಿ:
ಮಗಳ ಪ್ರಾಜೆಕ್ಟಿಗೆ ಅಂತ ನೆಟ್ಟಲ್ಲಿ ಹಳೇ ಮ್ಯಾಪ್ ಹುಡುಕ್ತಿದ್ದೆ, ಒಂದ್ರಲ್ಲಿ ಉತ್ತರ ಅಮೆರಿಕದ ಮೇಲೆ ದಪ್ಪಕ್ಷರದಲ್ಲಿ 'ಅಮೆರಿಕ ಸೆಪ್ಟೆಂಟ್ರಿಯೊನಾಲಿಸ್' ಅಂತ ಐತೆ. ಡಿಕ್ಷನರಿ ತೆಗೆದ್ರೆ ಇಂಗ್ಲಿಷಲ್ಲೂ ಸೆಪ್ಟೆಂಟ್ರಿಯನಲ್ ಅಂತ ಪದ ಐತೆ, ಅರ್ಥ ಬರೀ 'ಉತ್ತರದ' ಅಂತ ಕೊಟ್ಟವ್ರೆ. ಸೆಪ್ಟೆಂಬರಿಗೂ ಇದಕ್ಕೂ ಏನಾದ್ರೂ ನಂಟಾ? ಮಗಳು ಕೇಳಿದ್ಲು, ಸಂಜೆ ಹೇಳ್ತೀನಿ ಅಂತ ಜಾರ್ಕೊಂಡಿದೀನಿ.

ನಂದಿ_ತಪ್ಪಲು:
ನಂಟು ಇದೆ ಸಾರ್, ಆದ್ರೆ ತಿಂಗಳಿಗಲ್ಲ, ಏಳಕ್ಕೆ. ಲ್ಯಾಟಿನ್ನಲ್ಲಿ ಸೆಪ್ಟೆಮ್ ಅಂದ್ರೆ ಏಳು, ನಮ್ಮ ಸಪ್ತದ ದಾಯಾದಿ. ರೋಮಿನವರ ವರ್ಷ ಹಿಂದೆ ಮಾರ್ಚಿಂದ ಶುರುವಾಗ್ತಿತ್ತು, ಅದಕ್ಕೇ ಸೆಪ್ಟೆಂಬರ್ ಏಳನೇದು. ಟ್ರಿಯೋನೆಸ್ ಅಂದ್ರೆ ಉಳೋ ಎತ್ತುಗಳು. ನಾವು ಸಪ್ತರ್ಷಿ ಅಂತೀವಲ್ಲ, ಅದೇ ಅವರಿಗೆ ಏಳೆತ್ತು, ಅವು ಕಾಣೋದು ಉತ್ತರಕ್ಕೆ, ದಿಕ್ಕಿಗೂ ಅದೇ ಹೆಸರು ಅಂಟ್ಕೊಂಡ್ತು. ಗ್ರೀಕರಿಗೆ ಅಲ್ಲೇ ಕರಡಿ ಕಾಣಿಸ್ತು, ಆರ್ಕ್ಟೋಸ್, ಆರ್ಕ್ಟಿಕ್ ಬಂದಿದ್ದು ಅದರಿಂದ.

ತಿಪಟೂರು_ಕೊಬ್ರಿ:
ಮೂರು ಜೋಡಿ ಆಯ್ತು, ಇನ್ನೊಂದು ಒಂಟಿ ಎತ್ತು ಯಾರ ಮನೇದು 😄

ಮಾಲೂರು_ಕಣ:
ನೇಗಿಲು ಬಿಡಿ ಅಣ್ಣ, ಕಣ ನೆನಸ್ಕೊಳ್ಳಿ, ಜೋಡಿ ಲೆಕ್ಕನೇ ಬೇಡ. ಆ ಟ್ರಿಯೋ ಅನ್ನೋದನ್ನ ತಿಕ್ಕೋದು, ಒಕ್ಕೋದು ಅನ್ನೋ ಲ್ಯಾಟಿನ್ ಕ್ರಿಯಾಪದಕ್ಕೂ ಸೇರಿಸ್ತಾರೆ. ನಮ್ಮ ತಾತ ಹುರುಳಿ ಒಕ್ಕುವಾಗ ನಡುವೆ ಮೇಟಿ ನೆಟ್ಟು ಎತ್ತುಗಳನ್ನ ಸಾಲಾಗಿ ದಾವಣಿ ಕಟ್ಟಿ ಸುತ್ತಿಸೋರು, ಮೇಟಿ ಪಕ್ಕದ್ದು ಸೋಮಾರಿ ಮುದಿಯೆತ್ತು ನಿಂತಲ್ಲೇ ತಿರುಗ್ತಿತ್ತು, ತುದೀಲಿರೋದು ಪಾಪ ಓಡಿ ಓಡಿ ಸಾಯ್ಬೇಕು. ಧ್ರುವನ ಸುತ್ತ ಆ ಏಳೂ ಹಂಗೇ ಸುತ್ತೋದು. ಭಾಗವತದ ಐದನೇ ಸ್ಕಂಧದಲ್ಲೂ ಇದೇ ಹೋಲಿಕೆ ಐತೆ, ಧ್ರುವ ಮೇಟಿಕಂಬ, ಗ್ರಹ ನಕ್ಷತ್ರ ಎಲ್ಲ ಅದಕ್ಕೆ ಕಟ್ಟಿದ ದನ. ಆದ್ರೆ ನಮ್ಮ ಕಡೆಯಿಂದ ಧ್ರುವ 13 ಡಿಗ್ರಿ ಎತ್ತರ ಅಷ್ಟೇ, ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದು ಮುಷ್ಟಿ ಮೇಲೆ ಚೂರು, ಅದಕ್ಕೇ ಎತ್ತುಗಳು ಸುತ್ತು ಮುಗಿಸೋಕೆ ಮುಂಚೆ ಬೆಟ್ಟದ ಹಿಂದೆ ಇಳಿದುಬಿಡ್ತವೆ. ಮೇ ತಿಂಗಳಲ್ಲಿ ರಾತ್ರಿ ಊಟ ಆದ್ಮೇಲೆ ತಾರಸಿಗೆ ಹೋಗಿ, ಉತ್ತರಕ್ಕೆ ಏಳೂ ಕಾಣ್ತವೆ.

ನಂದಿ_ತಪ್ಪಲು:
ಒಕ್ಕಣೆ ನನಗೆ ಹೊಳೆದೇ ಇರ್ಲಿಲ್ಲ, ಸೂಪರ್. ಓರಿಯಂಟಲ್ ಕೂಡ ನೋಡಿ, ಲ್ಯಾಟಿನ್ನಲ್ಲಿ ಓರಿರಿ ಅಂದ್ರೆ ಏಳೋದು, ಹುಟ್ಟೋದು. ಸೂರ್ಯ ಮೂಡೋ ಕಡೆ ಮೂಡಲು ಅಂತ ನಾವಂದಂಗೇ. ಆಕ್ಸಿಡೆಂಟಲ್ (occidental) ಅಂದ್ರೆ ಮುಳುಗೋ ಕಡೆ, ನಮ್ಮ ಪಡುವಲು. ನಿಮ್ಮ ಕಡೆ ಮೂಡಲಪಾಯ ಯಕ್ಷಗಾನ ಆಡ್ತಾರಲ್ಲ ಸಾರ್, ಮಗಳಿಗೆ ಅದನ್ನೇ ಉದಾಹರಣೆ ಕೊಡಿ. ಆಕಸ್ಮಿಕದ ಆಕ್ಸಿಡೆಂಟಲ್ (accidental) ಬೇರೆ, ಸ್ಪೆಲಿಂಗ್ ನೋಡ್ಕೊಳ್ಳಕ್ಕೆ ಹೇಳಿ ಮತ್ತೆ.

ತಿಪಟೂರು_ಕೊಬ್ರಿ:
ಹೇಳಿದ್ದೇ ತಡ, ಚಾರ್ಟಲ್ಲಿ ಎತ್ತು ಬರೆಯೋಕೆ ಕೂತವ್ಳೆ. ಆರಕ್ಕೆ ಜಾಗ ಮುಗೀತು, ಏಳನೇದು ಕೆನಡಾ ಮೇಲೆ ನಿಂತೈತೆ.